ಮೂರು ದಿನ ಬಿಚ್ಚಬಾರದ ನೂಲು

ಬುವಾವನಕ್ಕ ಹೊಸೆದ ನೂಲು ಹರಿಯುವುದಿಲ್ಲ. ಸವನ್ನಖೇತ್‌ನ ಹೊಳೆಬದಿಯ ನಮ್ಮ ಕೇರಿಯಲ್ಲಿ ಈ ಮಾತು ಮಕ್ಕಳಿಗೂ ಗೊತ್ತು. ಪೇಟೆಯ ಬಿಳಿ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡರೆ ನಾಲ್ಕು ಸಲ ಪಾತ್ರೆ ತೊಳೆಯುವಷ್ಟರಲ್ಲಿ ಜೂಲುಜೂಲಾಗಿ ಹೋಗುತ್ತದೆ. ಅವಳದ್ದು ಹಾಗಲ್ಲ. ಹತ್ತಿಯ ಮೂರೆಳೆಯನ್ನು ತೊಡೆಯ ಮೇಲೆ ಹೊಸೆದು, ಗಂಜಿಯಲ್ಲಿ ಅದ್ದಿ, ಬಿದಿರುಗಳಕ್ಕೆ ಬಿಗಿದು ಒಣಗಿಸಿ, ಆಮೇಲೆ ಎರಡು ಕೈಯಲ್ಲೂ ಹಿಡಿದು ಜಗ್ಗಿ ನೋಡುತ್ತಾಳೆ. ಹರಿದದ್ದು ಒಲೆಗೆ ಹೋಗುತ್ತದೆ. ಆ ನೂಲಿನ ಬಗ್ಗೆ ಅವಳಿಗಿದ್ದ ಜಂಭ ಅಷ್ಟಿಷ್ಟಲ್ಲ. ಅದನ್ನು ಹೊಗಳಿ ಹೊಗಳಿ ಉಬ್ಬಿಸಿದವರಲ್ಲಿ ನಾನೂ ಒಬ್ಬಳು.

ನನ್ನ ಹೆಸರು ಲತ್ಸಮಿ. ಅವಳ ಮನೆಯ ಎದುರಿಗೆ ಶ್ಯಾವಿಗೆ ಸಾರಿನ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ಅವಳ ಮನೆಯಲ್ಲಿ ಸೀನಿದರೆ ನನ್ನ ಅಂಗಡಿಗೆ ಕೇಳಿಸುತ್ತದೆ, ನನ್ನ ಸಾರಿಗೆ ಉಪ್ಪು ಹೆಚ್ಚಾದರೆ ಅವಳಿಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಕೆಲವನ್ನು ಕಂಡದ್ದಷ್ಟೇ ಅಲ್ಲ, ಮಾಡಿದ್ದೂ ಉಂಟು.

ಮನುಷ್ಯನ ಮೈಯಲ್ಲಿ ಮೂವತ್ತೆರಡು ಖ್ವನ್ ಇರುತ್ತವೆ. ಪ್ರಾಣ ಒಂದೇ ಆದರೂ ಅದನ್ನು ಹಿಡಿದು ನಿಲ್ಲಿಸುವ ಚೇತನಗಳು ಮೂವತ್ತೆರಡು. ಹೆದರಿಕೆಗೋ ಕಾಯಿಲೆಗೋ ಒಂದೆರಡು ಜಾರಿ ಹೋದರೆ ಬಾಸಿ ಶಾಸ್ತ್ರ ಮಾಡಿಸಿ ಕರೆಯಬೇಕು. ಕರೆದಾಗ ಬಂದದ್ದನ್ನು ಮಣಿಕಟ್ಟಿಗೆ ನೂಲು ಕಟ್ಟಿ ನಿಲ್ಲಿಸಬೇಕು. ಮೂರು ದಿನ ಆ ನೂಲನ್ನು ಬಿಚ್ಚುವಂತಿಲ್ಲ. ಆಮೇಲೂ ಬೆರಳಿನಿಂದ ಗಂಟು ಬಿಡಿಸಬೇಕೇ ಹೊರತು ಕತ್ತರಿ ತಾಗಿಸುವಂತಿಲ್ಲ. ಕತ್ತರಿಸಿದರೆ ಒಳಗೆ ಬಂದು ಕೂತ ಖ್ವನ್ನನ್ನೇ ಕತ್ತರಿಸಿದ ಹಾಗೆ.

ಈ ನಿಯಮವನ್ನು ಎಲ್ಲರೂ ಪಾಲಿಸುತ್ತಾರೆ, ಬುವಾವನಕ್ಕ ಕಾವಲು ಕಾಯುತ್ತಾಳೆ. ಒಮ್ಮೆ ಸಾರಿನ ಜಿಡ್ಡು ಹತ್ತಿತೆಂದು ನಾನು ಐದನೇ ದಿನ ಅಡುಗೆಮನೆಯ ಕತ್ತರಿಯಿಂದ ನೂಲು ಕತ್ತರಿಸಿದ್ದೆ. ಅವಳ ಕಣ್ಣಿಗೆ ಬಿತ್ತು.

"ಏನೇ ಲತ್ಸಮಿ, ನೂಲಿಗೆ ಹತ್ತಿದ ಜಿಡ್ಡು ಕಾಣ್ಸ್ತು, ನಿನ್ನ ಬುದ್ಧಿಗೆ ಹತ್ತಿದ್ದು ಕಾಣ್ಸ್ಲಿಲ್ವಾ?"

"ಐದು ದಿನ ಆಗಿತ್ತಲ್ಲಕ್ಕಾ..."

"ಐದು ವರ್ಷ ಆದ್ರೂ ಕತ್ತರಿ ಕತ್ತರೀನೇ ಕಣೇ."

ಒಂದು ತಿಂಗಳು ನನ್ನ ಅಂಗಡಿಯ ಶ್ಯಾವಿಗೆ ಮುಟ್ಟಲಿಲ್ಲ. ಅಷ್ಟು ಕಟ್ಟುನಿಟ್ಟಿನ ಹೆಂಗಸು.

ಅವಳ ಗಂಡ ಸಿಂಗ್‌ಖಾಮ್ ಮೆಕಾಂಗ್ ಹೊಳೆಯಲ್ಲಿ ಬಲೆ ಬೀಸುವವನು. ಮಾತು ಕಡಿಮೆ, ನಗು ಜಾಸ್ತಿ. ಮಕ್ಕಳಾಗಲಿಲ್ಲ. ಅದಕ್ಕಾಗಿ ಇಬ್ಬರೂ ಅತ್ತದ್ದನ್ನು ನಾನು ನೋಡಿಲ್ಲ, ಜಗಳವಾಡಿದ್ದನ್ನು ಮಾತ್ರ ನೋಡಿದ್ದೇನೆ, ಅದೂ ಮೀನು ತೊಳೆದ ನೀರನ್ನು ಎಲ್ಲಿ ಚೆಲ್ಲಬೇಕು ಎಂಬ ವಿಷಯಕ್ಕೆ. ಏಳು ವರ್ಷದ ಹಿಂದೆ ಅವನ ಮೀನುಬುಟ್ಟಿಯೊಳಗೆ ಒಂದು ಬೆಕ್ಕಿನಮರಿ ಸೇರಿಕೊಂಡು ಮನೆಗೆ ಬಂತು. ಕಂದು ಬಣ್ಣದ ಗಂಡುಮರಿ. ಅವನು ಅದಕ್ಕೆ ಮಖಾಮ್ ಎಂದು ಹೆಸರಿಟ್ಟ. ಮಖಾಮ್ ಎಂದರೆ ಹುಣಸೆಹಣ್ಣು. ಬಣ್ಣವೂ ಹುಣಸೆಯದೇ, ಬುವಾವನಕ್ಕನನ್ನು ಕಂಡಾಗ ಮುಖ ಹುಳ್ಳಗೆ ಮಾಡುತ್ತಿದ್ದ ರೀತಿಯೂ ಹುಣಸೆಯದೇ. ಅವಳು ಅದನ್ನು "ಸೋಮಾರಿ, ತಿಂಡಿಪೋತ" ಎಂದು ಬೈಯುತ್ತಿದ್ದಳು. ಬೈದುಕೊಂಡೇ ಮೀನಿನ ತಲೆಯ ಮುಳ್ಳು ಬಿಡಿಸಿ ಹಾಕುತ್ತಿದ್ದಳು.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ, ದಡಕ್ಕೆ ಕಟ್ಟಿದ ದೋಣಿಯಲ್ಲಿ ಬಲೆ ಮಡಚುತ್ತಿದ್ದ ಸಿಂಗ್‌ಖಾಮ್ ಹಾಗೇ ಪಕ್ಕಕ್ಕೆ ಒರಗಿದ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಲಗಾಲು ಸತ್ತಿದ್ದವು, ಮಾತು ನಿಂತಿತ್ತು. ಉಳಿದದ್ದು ಒಂದೇ ಒಂದು ಪದ. ಅದು ಹೆಂಡತಿಯ ಹೆಸರಾಗಿರಲಿಲ್ಲ.

"ಮಖಾಮ್," ಎನ್ನುತ್ತಿದ್ದ ಅವನು. ನೀರು ಬೇಕಾದರೂ ಮಖಾಮ್, ಮಗ್ಗುಲು ಹೊರಳಿಸಬೇಕಾದರೂ ಮಖಾಮ್. ಬೆಕ್ಕು ಬಂದು ಅವನ ಹೊಟ್ಟೆಯ ಮೇಲೆ ಕೂರುತ್ತಿತ್ತು. ಅವನು ಆಡುವ ಎಡಗೈಯಿಂದ ಅದರ ಬೆನ್ನು ಸವರುತ್ತಿದ್ದ.

"ಮೂವತ್ನಾಲ್ಕು ವರ್ಷ ಅನ್ನ ಬೇಯ್ಸಿ ಹಾಕ್ದೋಳು ನಾನು, ನೆನಪಲ್ಲಿ ಉಳಿದಿದ್ದು ಬೆಕ್ಕು!" ಎಂದು ಬುವಾವನಕ್ಕ ನನ್ನ ಮುಂದೆ ನಗುತ್ತಿದ್ದಳು. ನಗು ಮುಗಿದ ಮೇಲೂ ಬಾಯಿ ಹಾಗೇ ತೆರೆದುಕೊಂಡಿರುತ್ತಿತ್ತು. ಅವನಿಗೆ ಏನೂ ಅರ್ಥವಾಗುವುದಿಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವನ ಎದುರಿಗೇ, ಅವನು ಮನೆಯ ಕಂಬವೋ ಎಂಬಂತೆ ಮಾತಾಡುತ್ತಿದ್ದೆವು.

ಒಂದು ಶನಿವಾರ ಬೆಳಿಗ್ಗೆ ಅವನಿಗಾಗಿ ಬಾಸಿ ಇಟ್ಟರು. ಬಾಳೆಎಲೆ ಸುತ್ತಿದ ಗೋಪುರ, ಚೆಂಡುಹೂವು, ಬೇಯಿಸಿದ ಇಡೀ ಕೋಳಿ, ಮೊಟ್ಟೆ, ಅಂಟನ್ನ. ಕೇರಿಯ ಹಿರಿಯರು ಮಂತ್ರ ಹೇಳಿ, ಕಾಡಿಗೆ ಹೋದ ಖ್ವನ್ನೇ ಬಾ, ಹೊಳೆಗೆ ಬಿದ್ದ ಖ್ವನ್ನೇ ಬಾ ಎಂದು ಕರೆದರು. ಆಮೇಲೆ ಒಬ್ಬೊಬ್ಬರಾಗಿ ನೂಲು ಕಟ್ಟಿದೆವು. ಎಲ್ಲಕ್ಕಿಂತ ಉದ್ದದ ನೂಲು ಬುವಾವನಕ್ಕನದು, ಆ ದಿನಕ್ಕೆಂದೇ ಹೊಸೆದದ್ದು. ಅದನ್ನು ಅವಳು ಅವನ ಸತ್ತ ಬಲಗೈಗೆ ಸುತ್ತಿ ಕಟ್ಟಿದಳು. ಆ ಕೈಗೆ ನೋವಾದರೂ ಹೇಳಲಾರದವನು ಎಂದು ಗಂಟನ್ನು ಬಿಗಿಯಲಿಲ್ಲ. ವಾಡಿಕೆಯಂತೆ ಅಂಗೈಯಲ್ಲಿ ಕೋಳಿಯ ತುಂಡು, ಮೊಟ್ಟೆ ಇಟ್ಟರು. ಕೋಳಿಯ ಕೊಬ್ಬು ಇಳಿದು ನೂಲೆಲ್ಲ ನೆನೆಯಿತು.

ನಾವೆಲ್ಲ ಊಟಕ್ಕೆ ಕೂತಾಗ ಒಳಗಿಂದ ಅವನ ಕೂಗು ಕೇಳಿಸಿತು. "ಮಖಾಮ್! ಮಖಾಮ್!"

"ಬೆಕ್ಕಿನ ಜೊತೆ ಸರಸ," ಎಂದೆ ನಾನು. ಎಲ್ಲರೂ ನಕ್ಕರು. ಯಾರೂ ಎದ್ದು ಹೋಗಲಿಲ್ಲ.

ಸಂಜೆ ನೋಡಿದರೆ ಅವನ ಬಲಗೈಯಲ್ಲಿ ಆ ಉದ್ದದ ನೂಲು ಇರಲಿಲ್ಲ. ಹಾಸಿಗೆಯಲ್ಲಿ ಎಲ್ಲೋ ಬಿದ್ದಿರಬೇಕೆಂದು ಅವಳು ಹುಡುಕಿದಳು. ಸಿಗಲಿಲ್ಲ. ಭಾನುವಾರ ಬೆಳಿಗ್ಗೆ ಮಖಾಮ್ ಜೊಲ್ಲು ಸುರಿಸುತ್ತ, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತ ಎರಡು ಸಲ ಕಕ್ಕಿತು. ಬುವಾವನಕ್ಕ ಅದರ ಬಾಯಿ ಅಗಲಿಸಿ ನೋಡಿದಳು. ನೂಲು ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಗಂಟಲೊಳಗೆ ಇಳಿದಿತ್ತು.

ಅವಳು ನನ್ನನ್ನು ಕೂಗಿದಳು. ನಾನು ಸೌಟು ಹಿಡಿದುಕೊಂಡೇ ಓಡಿದೆ.

"ಕಾಣೋಷ್ಟನ್ನ ಕತ್ತರಿಸಿ, ಪ್ರಾಣಿ ಡಾಕ್ಟ್ರ ಹತ್ರ ಹೋಗ್ಬಿಡೋಣ ಅಕ್ಕಾ," ಎಂದೆ. ಇಷ್ಟರ ಮಟ್ಟಿಗೆ ನನ್ನ ಮಾತು ಸರಿಯಾಗಿಯೇ ಇತ್ತು.

"ಕತ್ತರೀನಾ? ಇದು ಅವ್ರ ಕೈಯಿಂದ ಬಂದ ನೂಲು ಕಣೇ. ಕಟ್ಟಿ ಒಂದು ದಿನ ಆಗಿಲ್ಲ. ಡಾಕ್ಟ್ರಾದ್ರೂ ಮಾಡೋದೇನು? ಕತ್ತರೀನೇ ಹಾಕ್ತಾರೆ."

"ಮತ್ತೇನ್ಮಾಡ್ತೀಯಾ?"

"ಬಿಚ್ತೀನಿ."

ಆಗ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇಪ್ಪತ್ತೆರಡು ವರ್ಷ ಜನರಿಗೆ ಉಣ್ಣಿಸಿದ ನನಗೆ ಎಲ್ಲ ರೋಗಕ್ಕೂ ಊಟದಲ್ಲೇ ಮದ್ದು ಕಾಣುತ್ತದೆ. ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದರೆ ನಾವು ಅಂಟನ್ನದ ಉಂಡೆಯನ್ನು ಅಗಿಯದೆ ನುಂಗುತ್ತೇವೆ, ಮುಳ್ಳು ಅಂಟಿಕೊಂಡು ಕೆಳಗಿಳಿಯುತ್ತದೆ. "ಒಂದೆರಡು ಉಂಡೆ ನುಂಗ್ಸು. ನೂಲು ಅದಕ್ಕಂಟ್ಕೊಂಡು ನಾಲಿಗೆ ಬಿಟ್ಟು ಹಿಂದಿನಿಂದ ಹೊರಗೆ ಹೋಗತ್ತೆ," ಎಂದೆ. ನನ್ನ ಬುಟ್ಟಿಯಿಂದಲೇ ಅಂಟನ್ನ ತಂದು ಕೊಟ್ಟೆ. ನನ್ನ ಕೈಯಾರೆ ಉಂಡೆ ಮಾಡಿದೆ. ಅವಳು ಬೆಕ್ಕಿನ ದವಡೆ ಒತ್ತಿ ಎರಡು ಉಂಡೆ ತಳ್ಳಿದಳು.

ಉಂಡೆ ಇಳಿಯಿತು. ನೂಲು ನಾಲಿಗೆಯನ್ನು ಬಿಡಲಿಲ್ಲ, ಇನ್ನೂ ಬಿಗಿಯಿತು. ಆಗ ಅವಳು ನೂಲಿನ ತುದಿಯನ್ನು ಉಗುರಿನಲ್ಲಿ ಹಿಡಿದು ಎಳೆದಳು. ಒಂದು ಗೇಣಿನಷ್ಟು ಹೊರಗೆ ಬಂತು. "ಬಂತು, ಬಂತು ನೋಡು!" ಎಂದು ಅವಳ ಮುಖ ಅರಳಿತು. ಇನ್ನೊಮ್ಮೆ ಎಳೆದಳು. ಬೆಕ್ಕು ಕಿರುಚಿದ ಕಿರುಚಾಟಕ್ಕೆ ನನ್ನ ಅಂಗಡಿಯಲ್ಲಿ ಉಣ್ಣುತ್ತಿದ್ದವರು ಎದ್ದು ನಿಂತರು. ಬೇರೆ ಯಾರ ನೂಲಾಗಿದ್ದರೂ ಅಲ್ಲಿಗೆ ಹರಿದುಹೋಗುತ್ತಿತ್ತು.

ಮಂಚದ ಮೇಲಿಂದ ಸಿಂಗ್‌ಖಾಮ್ ಎಡಗೈಯಲ್ಲಿ ಹಲಗೆಯನ್ನು ಬಡಿಯುತ್ತ ಕೂಗಿದ. "ಮಖಾಮ್! ಮಖಾಮ್! ಮಖಾಮ್!"

"ಹೂಂ, ಕೊಡ್ತೀನಿ ಇರಿ. ಅದಿಲ್ದೆ ಒಂದು ಗಳಿಗೆ ಇರಕ್ಕಾಗಲ್ಲ ನಿಮ್ಗೆ," ಎಂದು ಅವಳು ನಡುಗುತ್ತಿದ್ದ ಬೆಕ್ಕನ್ನು ತಂದು ಅವನ ಹೊಟ್ಟೆಯ ಮೇಲೆ ಇಟ್ಟಳು. ಅವನು ಅದನ್ನು ಸವರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ, ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಲಕ್ವ ಹೊಡೆದವರಿಗೆ ಕಣ್ಣಲ್ಲಿ ನೀರು ಬರುವುದು ಸಹಜ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನಾವು ಅದನ್ನೇ ನಂಬಿಕೊಂಡೆವು.

ಸೋಮವಾರ ಬೆಳಿಗ್ಗೆ ಮಖಾಮ್ ನೀರಿನ ಮಡಕೆಯ ಹಿಂದೆ ಮುದುಡಿಕೊಂಡಿತ್ತು. ಹೊಟ್ಟೆ ಮುಟ್ಟಿದರೆ ಗುರ್ ಎನ್ನುವ ಶಕ್ತಿಯೂ ಇರಲಿಲ್ಲ. ಬುವಾವನಕ್ಕ ಅದನ್ನು ಮೀನುಬುಟ್ಟಿಯಲ್ಲಿಟ್ಟು ಸೊಂಟಕ್ಕೆ ಸುತ್ತುವ ತನ್ನ ಹಳೆಯ ಸಿನ್ ಬಟ್ಟೆ ಮುಚ್ಚಿ, ಟುಕ್‌ಟುಕ್ ಹತ್ತಿದಳು. ನಾನು ಒಲೆ ಆರಿಸಿ ಅವಳ ಜೊತೆ ಹೋದೆ.

ಪ್ರಾಣಿ ಡಾಕ್ಟರು ಮಲೈಥೊಂಗ್ ಎಂಬ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಅವಳ ಎರಡೂ ಮಣಿಕಟ್ಟಿನಲ್ಲಿ ಮಾಸಿದ ನೂಲುಗಳಿದ್ದವು. ಬೆಕ್ಕಿನ ಬಾಯಿ ತೆರೆದು ಹೆಬ್ಬೆರಳಿನಿಂದ ದವಡೆಯ ಅಡಿ ಒತ್ತಿ ನಾಲಿಗೆ ಎತ್ತಿ ನೋಡಿದಳು, ಹೊಟ್ಟೆ ಮುಟ್ಟಿದಳು, ಎಕ್ಸ್‌ರೇ ಫೋಟೊ ತೆಗೆಸಿದಳು.

"ಯಾವಾಗ ನೋಡಿದ್ರಿ ಅಮ್ಮಾ?"

"ನಿನ್ನೆ ಬೆಳಿಗ್ಗೆ."

"ನಿನ್ನೇನೇ ತರಬಾರ್ದಿತ್ತಾ?" ಎಂದಳು. ಗದರಿಸಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು. "ನೂಲಿನ ಒಂದು ಕಡೆ ನಾಲಿಗೆಗೆ ಸಿಕ್ಕಿ ನಿಂತಿದೆ, ಇನ್ನೊಂದು ಕಡೆ ಕರುಳಲ್ಲಿ ಇಳಿದುಹೋಗಿದೆ. ಬಟ್ಟೆಗೆ ದಾರ ಓಡಿಸಿ ಎಳೆದ್ರೆ ನೆರಿಗೆ ಬರಲ್ವಾ, ಹಾಗೆ ಕರುಳೆಲ್ಲ ನೆರಿಗೆ ಕಟ್ಟಿದೆ. ಯಾರಾದ್ರೂ ಎಳೆದ್ರಾ?"

"ಇಲ್ಲ," ಎಂದೆ ನಾನು ತಟ್ಟನೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಬುವಾವನಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಎಳ್ದೆ ಡಾಕ್ಟ್ರಮ್ಮಾ. ನಾನೇ ಎಳ್ದೆ. ಒಂದು ಗೇಣು ಬಂತು."

ಡಾಕ್ಟರು ಕಣ್ಣು ಮುಚ್ಚಿ ತೆರೆದಳು. "ಎಳೀಲೇಬಾರ್ದು ಅಮ್ಮಾ. ಬಾಯಿಂದಾಗ್ಲಿ, ಹಿಂದಿನಿಂದಾಗ್ಲಿ, ನೂಲು ಕಂಡ್ರೆ ಮುಟ್ಟಬಾರ್ದು. ಎಳೆದ್ರೆ ಅದು ಒಳಗೆ ಗರಗಸದ ಹಾಗೆ ಕೊಯ್ಯತ್ತೆ. ಏನಾದ್ರೂ ತಿನ್ನಿಸಿದ್ರಾ? ಹೊಟ್ಟೇಲಿ ಗಟ್ಟಿಯಾಗಿ ಏನೋ ಇದೆ."

"ಅಂಟನ್ನ. ಅದೂ ನಾನೇ ತಿನ್ನಿಸ್ದೆ," ಎಂದಳು ಬುವಾವನಕ್ಕ. ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ಇವತ್ತು ನಾನು ಇಷ್ಟು ಸಂಕಟಪಡುತ್ತಿರಲಿಲ್ಲ.

"ಮೊದಲು ನಾಲಿಗೆ ಹತ್ರ ನೂಲು ಕತ್ತರಿಸ್ಬೇಕು, ಆಮೇಲೆ ಹೊಟ್ಟೆ ತೆರೀಬೇಕು," ಎಂದು ಡಾಕ್ಟರು ಕತ್ತರಿ ಕೈಗೆತ್ತಿಕೊಂಡಳು.

"ಬೇಡಾ!" ಬುವಾವನಕ್ಕ ಅವಳ ಕೈ ಹಿಡಿದಳು. "ನಮ್ಮನೆಯವ್ರ ಬಾಸಿ ನೂಲು ಅದು. ಅವ್ರಿಗೆ ಮಾತಿಲ್ಲ, ಕೈಯಿಲ್ಲ. ಅವನ್ನ ವಾಪಸ್ ಕರ್ಯಕ್ಕೇ ಕಟ್ಟಿದ್ದು. ನಾಳೆಗೆ ಮೂರು ದಿನ. ಬೆಕ್ಕು ಉಳೀಲಿ ಅಂತ ಗಂಡನ ಖ್ವನ್ ಕತ್ತರಿಸ್ಲಾ?"

ಪಟ್ಟಣದಲ್ಲಿ ಓದಿದ ಬೇರೆ ಡಾಕ್ಟರಾಗಿದ್ದರೆ ನಗುತ್ತಿದ್ದರೇನೋ. ಈ ಹುಡುಗಿ ಕತ್ತರಿಯನ್ನು ಕೆಳಗಿಟ್ಟು ತನ್ನ ಮಣಿಕಟ್ಟು ಮುಂದೆ ಚಾಚಿದಳು. "ಮಗು ಹುಟ್ಟಿದಾಗ ಕಟ್ಟಿದ್ದು, ನಾಲ್ಕು ತಿಂಗಳಾಯ್ತು. ನಾನೂ ಇದನ್ನ ಕತ್ತರಿಸಿಲ್ಲ, ಕತ್ತರಿಸೋದೂ ಇಲ್ಲ. ಆದ್ರೆ ಅಮ್ಮಾ, ನಿಮ್ಮ ನೂಲು ಈಗ ಯಾರ ಕೈಯಲ್ಲೂ ಇಲ್ಲ. ಒಂದು ಜೀವದ ಹೊಟ್ಟೇಲಿದೆ."

ಬೆಕ್ಕಿಗೆ ಮಂಪರಿನ ಸೂಜಿ ಕೊಟ್ಟಿದ್ದರು. ಬುವಾವನಕ್ಕ ಅದರ ಬಾಯಿಯ ಮೇಲೆ ಬಾಗಿ, ನಲವತ್ತು ವರ್ಷ ನೂಲು ಹೊಸೆದ ಬೆರಳುಗಳಿಂದ ನಾಲಿಗೆಯ ಬುಡದ ಸುತ್ತನ್ನು ಬಿಡಿಸಲು ನೋಡಿದಳು. ಅದು ಮಾಂಸದೊಳಗೆ ಹೂತುಕೊಂಡಿತ್ತು. ಅವಳ ಹಣೆಯ ಬೆವರು ಬೆಕ್ಕಿನ ಮೂಗಿನ ಮೇಲೆ ತೊಟ್ಟಿಕ್ಕಿತು. ಡಾಕ್ಟರು ಗಡಿಯಾರ ನೋಡಿದಳು. ಕೊನೆಗೆ ಬುವಾವನಕ್ಕ ಕೈ ಚಾಚಿದಳು.

"ಕತ್ತರಿ ಕೊಡಿ. ನೀವು ಬಾಣಂತಿ, ಈ ಪಾಪ ನಿಮಗ್ಯಾಕೆ? ನಾನೇ ಕತ್ತರಿಸ್ತೀನಿ."

ತಾನು ಹೊಸೆದ ನೂಲನ್ನು ತಾನೇ ಕತ್ತರಿಸಿದಳು. ಒಂದೇ ಸಲಕ್ಕೆ ಆಗಲಿಲ್ಲ, ಮೂರು ಸಲ ಕತ್ತರಿ ಹಾಕಬೇಕಾಯಿತು.

ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಎರಡು ತಾಸಾದ ಮೇಲೆ ಡಾಕ್ಟರು ಬಂದಳು. ಕರುಳು ನಾಲ್ಕು ಕಡೆ ಕೊಯ್ದುಹೋಗಿತ್ತಂತೆ. ಹೊಲಿದರಂತೆ, ಆದರೆ ಒಳಗೆಲ್ಲ ನಂಜು ಹರಡಿತ್ತಂತೆ. ಸಂಜೆ ಐದರ ಹೊತ್ತಿಗೆ ಮಖಾಮ್ ಉಸಿರು ನಿಲ್ಲಿಸಿತು.

ಮೀನುಬುಟ್ಟಿಯಲ್ಲೇ ತಂದು ಹಿತ್ತಲ ಮಜ್ಜಿಗೆಹುಲ್ಲಿನ ಪೊದೆಯ ಪಕ್ಕ ಹೂತೆವು. ಕೈ ತೊಳೆದುಕೊಳ್ಳುವಾಗ ಅವಳು ಕೇಳಿದಳು, "ಅವ್ರಿಗೆ ಏನಂತ ಹೇಳ್ಲೇ?"

"ಏನೂ ಹೇಳ್ಬೇಡ. ಬಂದ ಖ್ವನ್ ಇನ್ನೂ ಗಟ್ಟಿಯಾಗಿ ಕೂತಿರಲ್ಲ. ದುಃಖ ಆದ್ರೆ ಮತ್ತೆ ಹೋಗ್ಬಿಡತ್ತೆ. ಹೆಣ್ಣುಬೆಕ್ಕಿನ ಹಿಂದೆ ಹೋಗಿದೆ ಅನ್ನು," ಎಂದೆ. ನೋಡಿ, ಆ ಮನೆಗೆ ಇದು ನನ್ನ ಎರಡನೇ ಔಷಧ.

ಅವಳು ಹಾಗೇ ಹೇಳಿದಳು. "ನಿಮ್ಮ ಮಗರಾಯ ಹೆಣ್ಣು ಹುಡುಕ್ಕೊಂಡು ಮೀನುಪೇಟೆ ಕಡೆ ಹೋಗಿದಾನೆ. ಹೊಟ್ಟೆ ಹಸಿದ್ರೆ ಬರ್ತಾನೆ ಬಿಡಿ," ಎಂದು ನಗುವ ಧ್ವನಿ ಮಾಡಿದಳು. ಸಿಂಗ್‌ಖಾಮ್ ಅವಳನ್ನೇ ನೋಡಿದ. ಅವತ್ತಿನಿಂದ ಅವನು ಮಖಾಮ್ ಎನ್ನುವುದನ್ನೇ ಬಿಟ್ಟ. ನೀರು ಬೇಕಾದರೂ ಸುಮ್ಮನೆ ಇರುತ್ತಿದ್ದ. ಇದ್ದ ಒಂದು ಮಾತೂ ಹೋಯಿತು. ನೂಲು ಕತ್ತರಿಸಿದ್ದಕ್ಕೇ ಹೀಗಾಯಿತೆಂದು ಅವಳು ಗೋಡೆಗೆ ಹಣೆ ಒತ್ತಿಕೊಂಡು ಅತ್ತಳು. ಆಮೇಲೆ ಅವಳು ಹತ್ತಿ ಮುಟ್ಟಲಿಲ್ಲ. ಮದುವೆಮನೆಯವರು ನೂಲು ಕೇಳಲು ಬಂದರೆ, "ಪೇಟೆಯಲ್ಲಿ ಸಿಗತ್ತೆ, ತಗೊಳ್ಳಿ," ಎಂದು ಕಳಿಸಿದಳು.

ಒಂದು ದಿನ ಅಂಗಡಿಯಲ್ಲಿ ಎಲುಬು ಬೇಯಿಸುತ್ತಿದ್ದಾಗ ನನಗೆ ಹೊಳೆಯಿತು. ಹೊಳೆದದ್ದೇ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಬಿತ್ತು. ಬೆಕ್ಕು ಅವನ ಹೊಟ್ಟೆಯ ಮೇಲೆ ಕೂತು, ಅವನ ಸತ್ತ ಕೈಯಿಂದ ನೂಲನ್ನು ಎಳೆದೆಳೆದು ನುಂಗಿದ್ದು ಅವನ ಕಣ್ಣೆದುರಿಗೇ. ಆ ಶನಿವಾರ ನಾವು ಊಟಕ್ಕೆ ಕೂತಿದ್ದಾಗ ಅವನು ಕೂಗಿದ್ದು ಸರಸಕ್ಕಲ್ಲ. ಅವನ ಹತ್ತಿರ ಇದ್ದದ್ದು ಒಂದೇ ಪದ, ಆ ಒಂದರಲ್ಲೇ ಅವನು ನಮ್ಮನ್ನು ಕರೆದಿದ್ದ. ನಾವು ಕೋಳಿಕಾಲು ಚೀಪುತ್ತ ನಕ್ಕಿದ್ದೆವು. ಓಡಿಹೋಗಿ ಬುವಾವನಕ್ಕನಿಗೆ ಹೇಳಿದೆ. ಅವಳು ಪಾತ್ರೆ ಉಜ್ಜುತ್ತಿದ್ದಳು, ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನಂಗೆ ಅವತ್ತೇ ಗೊತ್ತಾಯ್ತು ಕಣೇ," ಎಂದಳು. "ಡಾಕ್ಟ್ರ ಬೆಂಚಿನ ಮೇಲೆ ಕೂತಿದ್ದಾಗ್ಲೇ. ಅದಕ್ಕೇ ಅವ್ರ ಮುಖ ನೋಡಕ್ಕಾಗ್ತಿಲ್ಲ ನಂಗೆ."

ಅದಾಗಿ ವಾರವೂ ಕಳೆದಿರಲಿಲ್ಲ, ಮಂತ್ರ ಹೇಳುವ ಹಿರಿಯರು ಸಿಂಗ್‌ಖಾಮ್‌ನನ್ನು ನೋಡಲು ಬಂದರು. ಅವರ ಹಿಂದೆ ಅಕ್ಕಪಕ್ಕದವರೂ ಬಂದರು. ಬುವಾವನಕ್ಕ ಮಂಚದ ಪಕ್ಕ ಕೂತು ಅವನ ಬಾಯಿಗೆ ಗಂಜಿ ಹಾಕುತ್ತಿದ್ದಳು. ಅವನು ಬಾಯಿ ಮುಚ್ಚಿಕೊಂಡ. ತುಟಿ ಒಂದು ಕಡೆಗೆ ಸೊಟ್ಟಗಾಯಿತು, ಗಂಟಲಿನ ನರ ಉಬ್ಬಿತು.

"ಎಳ್... ಎಳ್ದೆ," ಎಂದ.

ಅವನು ಇನ್ನೊಮ್ಮೆ, ಈ ಸಲ ಸ್ಪಷ್ಟವಾಗಿ ಅಂದ. "ಎಳ್ದೆ."

"ಮಾತು ಬಂತು! ಬಂತಪ್ಪಾ ಮಾತು!" ಹಿರಿಯರು ತೊಡೆ ತಟ್ಟಿಕೊಂಡರು. "ಬಲೆ ಎಳೆಯೋ ಆಸಾಮಿ, ಬಲೆ ನೆನಪಾಗಿದೆ ಅವನಿಗೆ. ಬುವಾವನ್, ನೀನು ಕಟ್ಟಿದ ನೂಲು ಕೆಲಸ ಮಾಡ್ತು ನೋಡಮ್ಮಾ!"

ಪಕ್ಕದ ಮನೆಯವನು ಬಿಯರ್ ತರಲು ಓಡಿದ. ಹೆಂಗಸರು ಕಣ್ಣೊರೆಸಿಕೊಂಡರು. ನಾನು ಬುವಾವನಕ್ಕನನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಯಾವ ಮಾತಿಗಾಗಿ ಬಾಸಿ ಇಟ್ಟಿದ್ದೆವೋ ಆ ಮಾತು ಬಂದಿತ್ತು. ಅವನ ಕಣ್ಣು ಹೊಳೆಯ ಕಡೆಗೂ ಇರಲಿಲ್ಲ, ಮೂಲೆಯಲ್ಲಿ ಮಡಚಿಟ್ಟ ಬಲೆಯ ಕಡೆಗೂ ಇರಲಿಲ್ಲ.

"ಕಟ್ಟಮ್ಮಾ, ಬೇಗ ಒಂದು ನೂಲು ಕಟ್ಟು. ಬಂದ ಮಾತು ಮತ್ತೆ ಹೋಗಬಾರ್ದು," ಎಂದು ಹಿರಿಯರು ಅವಸರಪಡಿಸಿದರು. ಯಾರೋ ಒಳಗಿಂದ ಉಳಿದಿದ್ದ ಒಂದೆಳೆ ತಂದು ಅವಳ ಕೈಗಿತ್ತರು.

ಅವಳು ಆ ನೂಲಿನಿಂದ ಅವನ ಅಂಗೈಯನ್ನು ಹೊರಗಡೆಗೆ ಸವರಿ, "ಕೆಟ್ಟದ್ದು ಹೋಗ್ಲಿ," ಎಂದಳು. ಒಳಗಡೆಗೆ ಸವರಿ, "ಒಳ್ಳೇದು ಬರ್ಲಿ," ಎನ್ನಬೇಕು, ಆದರೆ ಅಲ್ಲಿ ಅವಳ ಧ್ವನಿ ಏಳಲಿಲ್ಲ. ನೂಲು ಸುತ್ತಿ ಗಂಟು ಹಾಕತೊಡಗಿದಳು. ನೆರೆದವರೆಲ್ಲ ಒಬ್ಬರ ಮೊಣಕೈಯನ್ನು ಒಬ್ಬರು ಹಿಡಿದುಕೊಂಡು ಹರಸುತ್ತಿದ್ದರು.

"ಎಳ್ದೆ," ಎಂದ ಅವನು ಅವಳ ಮುಖಕ್ಕೆ.

"ಹೂಂ," ಎಂದಳು ಬುವಾವನಕ್ಕ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದಳು. "ನಾನೇ ಎಳ್ದೆ. ಅದು ಪೇಟೆಗೆ ಹೋಗಿಲ್ಲ, ಸತ್ತುಹೋಯ್ತು. ನೀವು ಕೂಗಿ ಕೂಗಿ ಹೇಳಿದ್ರಿ, ನಾನು ಕೇಳ್ಲಿಲ್ಲ."

ಬಿಯರ್ ತಂದವನು ಬಾಗಿಲಲ್ಲೇ ನಿಂತ. ಅವಳು ಇನ್ನೊಂದು ಗಂಟು ಬಿಗಿದಳು.